ಪ್ರಶ್ನೆ ಕೇಳದ ಜರ್ನಲ್‌ಗೆ ಪೇಪರ್ ಕೊಡಬೇಡಿ

"ಸರ್, ಇಂಟರ್‌ವ್ಯೂನಲ್ಲಿ ನನ್ನ ಪೇಪರನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ." ಇಷ್ಟು ಹೇಳಿ ನನ್ನ ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ ಸುಮ್ಮನಾದಳು. ಅವಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮೂರು ವರ್ಷ ಓಡಾಡಿ, ಗಣೆ ಎಂಬ ಕೊಳಲು ನುಡಿಸುತ್ತಾ ತಮ್ಮ ದೈವ ಜುಂಜಪ್ಪನ ಕಥೆ ಹಾಡುವವರ ಮುಂದೆ ಕೂತು, ಹಾಡಿದ್ದನ್ನು ಬರೆದುಕೊಂಡು ಬಂದವಳು. ಆ ದುಡಿಮೆಯ ಸಾರವೆಲ್ಲ ಹನ್ನೆರಡು ಪುಟದ ಒಂದು ಪೇಪರಿನಲ್ಲಿತ್ತು.

ಅದು ಪ್ರಕಟವಾದ ಬಗೆ ಹೀಗೆ. ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಅವಳಿಗೆ ಒಂದು ಸಂದೇಶ ಬಂದಿತ್ತು. ಎಲ್ಲ ವಿಷಯಗಳಿಗೂ ಅವಕಾಶ, ಎಲ್ಲ ಭಾಷೆಗಳಿಗೂ ಅವಕಾಶ, ಅಂತರರಾಷ್ಟ್ರೀಯ ಜರ್ನಲ್, ಇಂಪ್ಯಾಕ್ಟ್ ಫ್ಯಾಕ್ಟರ್ 7.9, ನಲವತ್ತೆಂಟು ಗಂಟೆಯಲ್ಲಿ ಪ್ರಕಟಣೆ, ಶುಲ್ಕ 1,800 ರೂಪಾಯಿ, ಸರ್ಟಿಫಿಕೇಟ್ ಉಚಿತ. ರಾತ್ರಿ ಪೇಪರ್ ಕಳಿಸಿ ಹಣ ಹಾಕಿದಳು. ಮೂರನೆಯ ಬೆಳಿಗ್ಗೆ ಸರ್ಟಿಫಿಕೇಟ್ ಬಂತು. ಪ್ರಕಟವಾದ ಪ್ರತಿಯನ್ನು ಅವಳು ನನಗೆ ಕಳಿಸಿದಳು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಶೀರ್ಷಿಕೆಯಲ್ಲೇ ಜುಂಜಪ್ಪ 'ಜಂಜಪಪ' ಆಗಿದ್ದ. ಅದನ್ನು ಪ್ರಕಟಿಸಿದವರಲ್ಲಿ ಒಬ್ಬರೂ ಒಂದು ಸಾಲನ್ನೂ ಓದಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೋದದ್ದು 1,800 ರೂಪಾಯಿ ಮಾತ್ರವಾಗಿದ್ದರೆ ನಾನು ಇಷ್ಟು ಕಳವಳಪಡುತ್ತಿರಲಿಲ್ಲ. ಒಮ್ಮೆ ಒಂದು ಕಡೆ ಪ್ರಕಟವಾದ ಬರಹವನ್ನು ಹೊಸದೆಂದು ಇನ್ನೊಂದು ಕಡೆಗೆ ಕೊಡುವಂತಿಲ್ಲ. ನಿಜವಾದ ಕ್ಷೇತ್ರಕಾರ್ಯ, ನಿಜವಾದ ಶ್ರಮ, ಯಾರೂ ಓದದ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗದಲ್ಲಿ ಹೂತುಹೋಗುತ್ತದೆ. ಹತ್ತಾರು ವರ್ಷ ಪಿಎಚ್‌ಡಿ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿದ, ಒಂದು ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಕೂತಿದ್ದ ಅನುಭವದಿಂದ ಈ ಲೇಖನ ಬರೆಯುತ್ತಿದ್ದೇನೆ. ಮೊದಲ ಪೇಪರ್ ಕಳಿಸಲು ಹೊರಟವರು ದಯವಿಟ್ಟು ಕೊನೆಯವರೆಗೆ ಓದಿ.

ಪಟ್ಟಿ ಈಗಿಲ್ಲ

ಬಹಳ ಮಂದಿ ಇವತ್ತಿಗೂ ಕೇಳುವ ಮೊದಲ ಪ್ರಶ್ನೆ, "ಇದು ಯುಜಿಸಿ ಲಿಸ್ಟ್‌ನಲ್ಲಿದೆಯಾ ಸರ್?" ಆ ಪಟ್ಟಿಯ ಕಥೆಯನ್ನು ತಿಳಿದುಕೊಂಡರೆ ಪ್ರಶ್ನೆಯೇ ಬದಲಾಗುತ್ತದೆ. 2017ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅನುಮೋದಿತ ಜರ್ನಲ್‌ಗಳ ಪಟ್ಟಿ ಹೊರಡಿಸಿತು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ ಸಾವಿರಾರು ಹೆಸರುಗಳು ಅದರಲ್ಲಿ ಸೇರಿಕೊಂಡವು. ಸಂಶೋಧಕ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಹೆಸರುಗಳಲ್ಲಿ 1,336ನ್ನು ಆಯ್ದು, ಪ್ರಮುಖ ಸೂಚಿಗಳಲ್ಲಿ ಇದ್ದವನ್ನು ಬಿಟ್ಟು ಉಳಿದವನ್ನು ಪರಿಶೀಲಿಸಿ, ಅವುಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆ ಗುಣಮಟ್ಟದವಾಗಿರಬಹುದು ಎಂದು 2018ರಲ್ಲಿ ವರದಿ ಮಾಡಿದರು. ಆ ವರದಿ ಬಂದದ್ದು ನಮ್ಮ ಬೆಂಗಳೂರಿನಿಂದಲೇ 1932ರಿಂದ ಹೊರಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಯುಜಿಸಿ-ಕೇರ್ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿರುವುದಾಗಿ ಪ್ರಕಟಣೆ ಹೊರಟಿತು. ಅದರ ಬದಲಿಗೆ ಜರ್ನಲ್‌ಗಳನ್ನು ಅಳೆಯಲು ಕೆಲವು ಸೂಚಕ ಮಾನದಂಡಗಳನ್ನು ಕೊಟ್ಟು, ತೀರ್ಮಾನವನ್ನು ಆಯಾ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಬಿಟ್ಟಿದ್ದಾರೆ.

ಅಂದರೆ ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವ ಹೊಣೆ ಈಗ ಬರೆಯುವವರ ಹೆಗಲ ಮೇಲೂ ಇದೆ. "ಕೇರ್ ಲಿಸ್ಟೆಡ್" ಎಂದು ಇವತ್ತಿಗೂ ಜಾಹೀರಾತು ಮಾಡುವ ಜರ್ನಲ್ ಕಂಡರೆ ಮೊದಲ ಅನುಮಾನ ಅಲ್ಲೇ ಹುಟ್ಟಬೇಕು. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಮಾಡಿಕೊಂಡಿದೆಯೇ ಎಂಬುದನ್ನು ಪೇಪರ್ ಕಳಿಸುವ ಮುಂಚೆಯೇ ಸಂಶೋಧನಾ ವಿಭಾಗದಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಇನ್ನೊಂದು ಮಾತು: 2022ರ ಪಿಎಚ್‌ಡಿ ನಿಯಮಾವಳಿಯಲ್ಲಿ, ಥೀಸಿಸ್ ಸಲ್ಲಿಸುವ ಮುನ್ನ ಪೇಪರ್ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಉಳಿಸಿಕೊಂಡಿದೆಯೋ ಇಲ್ಲವೋ ವಿಚಾರಿಸಿ. ಇಲ್ಲದ ಕಡ್ಡಾಯಕ್ಕೆ ಹೆದರಿ ಅವಸರದಲ್ಲಿ ಹಣ ಕಟ್ಟಿದವರನ್ನು ನಾನು ಕಂಡಿದ್ದೇನೆ.

ಅರ್ಧ ಗಂಟೆಯ ಪರೀಕ್ಷೆ

ಜರ್ನಲ್ ಒಂದನ್ನು ಪರೀಕ್ಷಿಸಲು ಅರ್ಧ ಗಂಟೆ ಸಾಕು. ಮೊದಲು ಐಎಸ್ಎಸ್ಎನ್. ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಗಳ ಈ ಸಂಖ್ಯೆಯನ್ನು ಐಎಸ್ಎಸ್ಎನ್ ಪೋರ್ಟಲ್‌ನಲ್ಲಿ ಹಾಕಿ. ಅಲ್ಲಿ ಬರುವ ಪತ್ರಿಕೆಯ ಹೆಸರು, ದೇಶ, ನಿಮ್ಮ ಮುಂದಿರುವ ವೆಬ್‌ಸೈಟ್‌ನಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಹಳೆಯ ಗೌರವಾನ್ವಿತ ಪತ್ರಿಕೆಗಳ ಹೆಸರು ಮತ್ತು ಐಎಸ್ಎಸ್ಎನ್ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ತೆರೆದು ಹಣ ವಸೂಲಿ ಮಾಡುವವರಿದ್ದಾರೆ. ಮುದ್ರಣದಲ್ಲಿ ಮಾತ್ರ ಬರುವ ಪತ್ರಿಕೆಗಳಿಗೆ, ಅದರಲ್ಲೂ ಭಾರತೀಯ ಭಾಷೆಗಳ ಪತ್ರಿಕೆಗಳಿಗೆ, ಈ ಅಪಾಯ ಹೆಚ್ಚು. ಅವುಗಳಿಗೆ ಸ್ವಂತ ವೆಬ್‌ಸೈಟ್ ಇಲ್ಲದಿದ್ದರೆ ನಕಲಿಯೇ ಅಸಲಿಯಂತೆ ಕಾಣುತ್ತದೆ. ಸಂದೇಹ ಬಂದರೆ ಗ್ರಂಥಾಲಯದಲ್ಲಿ ಅಚ್ಚಾದ ಸಂಚಿಕೆ ತೆಗೆದು, ಅದರಲ್ಲಿರುವ ವಿಳಾಸಕ್ಕೆ ಪತ್ರ ಬರೆಯಿರಿ, ಇಲ್ಲವೇ ಫೋನ್ ಮಾಡಿ. ಹಾಗೆಂದು ಐಎಸ್ಎಸ್ಎನ್ ಇದ್ದ ಮಾತ್ರಕ್ಕೆ ಗುಣಮಟ್ಟ ಇದೆಯೆಂದಲ್ಲ. ಅದು ಗಾಡಿಯ ನಂಬರ್ ಪ್ಲೇಟ್ ಇದ್ದಂತೆ. ಗಾಡಿ ಯಾರದೆಂದು ಹೇಳುತ್ತದೆಯೇ ಹೊರತು ಓಡಿಸುವವರಿಗೆ ಡ್ರೈವಿಂಗ್ ಬರುತ್ತದೆ ಎಂದು ಹೇಳುವುದಿಲ್ಲ.

ಎರಡನೆಯದು ಹಳೆಯ ಸಂಚಿಕೆಗಳು. ನಾಲ್ಕಾರು ಸಂಚಿಕೆ ತೆರೆದು ಪರಿವಿಡಿ ನೋಡಿ. ಒಂದೇ ಸಂಚಿಕೆಯಲ್ಲಿ ವಚನ ಸಾಹಿತ್ಯ, ಕಾಂಕ್ರೀಟ್ ಮಿಶ್ರಣ, ಜಿಎಸ್‌ಟಿ, ಹಲ್ಲಿನ ಚಿಕಿತ್ಸೆ ಎಲ್ಲವೂ ಇದ್ದರೆ ಅಲ್ಲಿ ಪರಿಶೀಲಿಸುವ ತಜ್ಞರಿಲ್ಲ. ಯಾವುದಾದರೂ ಒಂದು ಲೇಖನವನ್ನು ಪೂರ್ತಿ ಓದಿ. ಜುಂಜಪ್ಪ 'ಜಂಜಪಪ' ಆಗಿರುವಂಥದ್ದು ಎಲ್ಲೇ ಕಂಡರೂ ಅಲ್ಲಿಗೆ ನಿಲ್ಲಿಸಿ. ಲೇಖನದ ಕಾಯಂ ಗುರುತಿನ ಸಂಖ್ಯೆಯಾದ ಡಿಒಐ ಇದ್ದರೆ ಅದನ್ನು ಒತ್ತಿ ನೋಡಿ, ಲೇಖನ ತೆರೆದುಕೊಳ್ಳಬೇಕು. ಡಿಒಐನಂತೆ ಕಾಣುವ, ಎಲ್ಲಿಗೂ ಹೋಗದ ಸಂಖ್ಯೆಗಳನ್ನು ಮುದ್ರಿಸುವವರೂ ಇದ್ದಾರೆ.

ಸಂಪಾದಕ ಮಂಡಳಿಯ ಹೆಸರುಗಳು ಮೂರನೆಯದು. ದೊಡ್ಡ ವಿದ್ವಾಂಸರ ಹೆಸರನ್ನು ಅವರಿಗೆ ತಿಳಿಸದೆಯೇ ಹಾಕಿಕೊಳ್ಳುವುದು ಸಾಮಾನ್ಯ. ಮಂಡಳಿಯಲ್ಲಿರುವ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ಇಮೇಲ್ ಮೂಲಕ ಎರಡು ಸಾಲು ಬರೆದು ಕೇಳಿ: "ತಾವು ಈ ಪತ್ರಿಕೆಯಲ್ಲಿ ಇದ್ದೀರಾ ಸರ್?" ಹೀಗೆ ಕೇಳಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ನನಗೆ ಅಂಥ ಪತ್ರ ಬಂದಾಗಲೇ ನನ್ನ ಹೆಸರು ನಾನು ಕಂಡು ಕೇಳರಿಯದ ಜರ್ನಲ್ ಒಂದರಲ್ಲಿರುವುದು ತಿಳಿದದ್ದು. ಬರೆದ ಆ ಹುಡುಗನಿಗೆ ನಾನು ಇವತ್ತಿಗೂ ಕೃತಜ್ಞ.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಮಾತಿಗೆ ಮರುಳಾಗಬೇಡಿ. ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಸಂಸ್ಥೆಯ ವಾರ್ಷಿಕ ವರದಿ ಮಾತ್ರ. ಅದೇ ಧಾಟಿಯ ಹೆಸರಿಟ್ಟು, ಹಣ ಪಡೆದು ಅಂಕಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಕನ್ನಡದ ಒಳ್ಳೆಯ ಸಂಶೋಧನಾ ಪತ್ರಿಕೆಗೆ ಈ ಅಂಕಿ ಇಲ್ಲದಿರುವುದು ಕೊರತೆಯೂ ಅಲ್ಲ, ಅವಮಾನವೂ ಅಲ್ಲ. 'ಪ್ರಬುದ್ಧ ಕರ್ಣಾಟಕ' 1919ರಲ್ಲಿ ಶುರುವಾದಾಗ, ಅದಕ್ಕೂ ಮೊದಲು ಸಾಹಿತ್ಯ ಪರಿಷತ್ತಿನ 'ಪರಿಷತ್ಪತ್ರಿಕೆ' ಬಂದಾಗ, ಅವುಗಳ ಮರ್ಯಾದೆಯನ್ನು ಕಾಯ್ದದ್ದು ಬರಹವನ್ನು ಹಿಡಿದು ತಿದ್ದುತ್ತಿದ್ದ ಸಂಪಾದಕರು.

ಶುಲ್ಕದ ವಿಷಯದಲ್ಲಿ ಒಂದು ಎಚ್ಚರ ಬೇಕು. ಹಣ ಕೇಳಿದವರೆಲ್ಲ ಮೋಸಗಾರರಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಹಲವು ಒಳ್ಳೆಯ ಪತ್ರಿಕೆಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ. ಅಂಥವು ಡಿಒಎಜೆ ಎಂಬ ಮುಕ್ತ ಪತ್ರಿಕೆಗಳ ಕೋಶದಲ್ಲಿ ಇವೆಯೇ ಎಂದು ನೋಡಬಹುದು. ಶುಲ್ಕ ಎಷ್ಟೆಂದು ಮೊದಲೇ ಬಹಿರಂಗವಾಗಿ ಬರೆದಿರುವುದು, ಪರಿಶೀಲನೆ ಮುಗಿದು ಸ್ವೀಕಾರವಾದ ಮೇಲೆ ಹಣ ಕೇಳುವುದು ನೇರವಾದ ಕ್ರಮ. ಓದುವ ಮೊದಲೇ "ಸ್ವೀಕಾರವಾಗಿದೆ, ಹಣ ಹಾಕಿ" ಎನ್ನುವುದು ವ್ಯಾಪಾರ. ಜಾನ್ ಬೊಹಾನನ್ ಎಂಬ ಪತ್ರಕರ್ತ ಕಲ್ಲುಹೂವಿನಿಂದ ಕ್ಯಾನ್ಸರ್‌ಗೆ ಮದ್ದು ಎಂಬ ಪೊಳ್ಳು ಪೇಪರ್ ಸೃಷ್ಟಿಸಿ 304 ಜರ್ನಲ್‌ಗಳಿಗೆ ಕಳಿಸಿದ್ದರು. ಅದರಲ್ಲಿದ್ದ ತಪ್ಪುಗಳು ವಿಷಯ ಬಲ್ಲ ಯಾರಿಗಾದರೂ ಕಣ್ಣಿಗೆ ಹೊಡೆಯುವಂತಿದ್ದವು. ಆದರೂ 157 ಜರ್ನಲ್‌ಗಳು ಒಪ್ಪಿಕೊಂಡವು. 2013ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆ ಈ ತನಿಖೆಯನ್ನು ಪ್ರಕಟಿಸಿತು. ಅವರು ಪರೀಕ್ಷಿಸಿದ ಜರ್ನಲ್‌ಗಳಲ್ಲಿ ದೊಡ್ಡ ಪಾಲು ನಮ್ಮ ದೇಶದ್ದು ಎಂಬುದನ್ನು ನಾವು ಮರೆಯಬಾರದು.

ಹೆಸರು ಯಾರದ್ದು ಇರಬೇಕು?

ಈ ಪ್ರಶ್ನೆ ನಮ್ಮಲ್ಲಿ ಕೇಳುವುದೇ ಕಷ್ಟ. ಗೈಡ್ ಹೆಸರು ಹಾಕದಿದ್ದರೆ ಸಹಿ ಸಿಗುವುದಿಲ್ಲ ಎಂಬ ಹೆದರಿಕೆ, ವಿಭಾಗದ ಮುಖ್ಯಸ್ಥರಿಗೆ ಪ್ರೊಮೋಷನ್‌ಗೆ ಬೇಕು ಎಂಬ ಒತ್ತಾಯ, ಗೆಳೆಯನಿಗೆ ಒಂದು ಪೇಪರ್ ಆಗಲಿ ಎಂಬ ದಾಕ್ಷಿಣ್ಯ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ಶುರುಮಾಡಿದ ಐಸಿಎಂಜೆಇ ಎಂಬ ಸಮಿತಿ ಇದಕ್ಕೆ ನಾಲ್ಕು ಷರತ್ತು ಹೇಳುತ್ತದೆ. ಕೆಲಸದ ಯೋಜನೆಯಲ್ಲಾಗಲಿ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಾಗಲಿ ಗಣನೀಯ ಪಾಲಿರಬೇಕು. ಬರೆಯುವುದರಲ್ಲಿ ಅಥವಾ ಬರೆದದ್ದನ್ನು ವಿಚಾರಪೂರ್ವಕ ತಿದ್ದುವುದರಲ್ಲಿ ಕೈಯಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಹೊತ್ತಿರಬೇಕು. ನಾಲ್ಕೂ ಇದ್ದವರು ಮಾತ್ರ ಲೇಖಕರು. ಸಲಹೆ ಕೊಟ್ಟವರಿಗೆ, ಉಪಕರಣ ಒದಗಿಸಿದವರಿಗೆ, ಅಂಕಿಅಂಶ ಹಾಕಿಕೊಟ್ಟವರಿಗೆ ಕೃತಜ್ಞತೆಯ ಭಾಗದಲ್ಲಿ ಜಾಗವಿದೆ. ನಿಜವಾಗಿ ದಾರಿ ತೋರಿಸಿ, ಸಾಲು ಸಾಲು ತಿದ್ದಿದ ಗೈಡ್ ಹೆಸರು ಇರಲೇಬೇಕು. ಅದು ಅವರ ಹಕ್ಕು.

ನಾಲ್ಕನೆಯ ಷರತ್ತನ್ನು ಹಗುರವಾಗಿ ನೋಡಬೇಡಿ. ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ವಿಶ್ವಜಿತ್ ಗುಪ್ತಾ ಹಿಮಾಲಯದ ಪಳೆಯುಳಿಕೆಗಳೆಂದು ವರ್ಷಾನುಗಟ್ಟಲೆ ಪೇಪರ್ ಪ್ರಕಟಿಸಿದರು. ಅವುಗಳಲ್ಲಿ ಹಲವು ಹಿಮಾಲಯದವೇ ಅಲ್ಲ, ಮೊರಾಕ್ಕೊದಂಥ ಬೇರೆ ದೇಶಗಳವು ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಯಲಿಗೆಳೆದರು. ಗುಪ್ತಾ ಜೊತೆ ಹೆಸರು ಹಾಕಿಕೊಂಡಿದ್ದ ದೇಶವಿದೇಶದ ಹಲವರು ಕಲ್ಲು ಸಿಕ್ಕಿತೆಂದು ಹೇಳಲಾದ ಜಾಗವನ್ನು ಕಣ್ಣಾರೆ ನೋಡಿರಲಿಲ್ಲ. ಕೊಟ್ಟ ಕಲ್ಲನ್ನು ನಂಬಿ ವಿವರಿಸಿದರು, ಎಲ್ಲಿ ಸಿಕ್ಕಿತೆಂದು ಮಾತ್ರ ಕೇಳಲಿಲ್ಲ.

ಕದ್ದದ್ದು ಯಾವುದು, ಹೋಲಿಕೆ ಯಾವುದು

ಯುಜಿಸಿಯ 2018ರ ನಿಯಮಾವಳಿ ಕೃತಿಚೌರ್ಯವನ್ನು ಶೇಕಡಾವಾರು ನಾಲ್ಕು ಹಂತ ಮಾಡಿದೆ. ಹೋಲಿಕೆ ಶೇ 10ರ ಒಳಗಿದ್ದರೆ ದಂಡನೆ ಇಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಥೀಸಿಸ್ ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಪ್ರಕಟಣೆಗಳಾದರೆ ಹಸ್ತಪ್ರತಿ ಹಿಂಪಡೆಯುವುದರಿಂದ ಹಿಡಿದು ವಾರ್ಷಿಕ ಇನ್‌ಕ್ರಿಮೆಂಟ್ ತಡೆ, ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದಂತೆ ನಿರ್ಬಂಧದವರೆಗೆ ಶಿಕ್ಷೆಯಿದೆ.

ಈ ಶೇಕಡಾವಾರು ಲೆಕ್ಕ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಬೆಳೆಸಿದೆ. ಶೇ 9 ಬಂದರೆ ಶುದ್ಧ ಎಂದುಕೊಳ್ಳುತ್ತಾರೆ. ಹೋಲಿಕೆ ಹುಡುಕುವ ತಂತ್ರಾಂಶ ಹೇಳುವುದು ಪದಗಳ ಹೋಲಿಕೆಯನ್ನಷ್ಟೇ. ಒಬ್ಬರ ಮೂಲ ವಿಚಾರವನ್ನು ಒಂದೇ ಪ್ಯಾರಾದಲ್ಲಿ ಕದ್ದರೂ ಅದು ಕಳವೇ. ಹಳಗನ್ನಡ ಪದ್ಯಗಳನ್ನು ಆಕರ ಸಮೇತ ಉದ್ಧರಿಸಿದ ಒಳ್ಳೆಯ ಪ್ರಬಂಧಕ್ಕೆ ಶೇ 25 ಬಂದರೆ ಅದು ಕಳವಲ್ಲ. ಆಕರ ಸಹಿತ ಉದ್ಧರಣೆ, ಗ್ರಂಥಋಣ, ಪರಿವಿಡಿ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕೆಂದು ನಿಯಮವೇ ಹೇಳುತ್ತದೆ. ವರದಿಯನ್ನು ಪುಟ ಪುಟ ತೆರೆದು ಯಾವ ಸಾಲು ಎಲ್ಲಿಗೆ ಹೋಲುತ್ತಿದೆ ಎಂದು ನೋಡಬೇಕೇ ಹೊರತು ಮೇಲಿನ ಅಂಕಿ ನೋಡಿ ಸಹಿ ಹಾಕಬಾರದು.

ಕನ್ನಡದಲ್ಲಿ ಇದರ ತೊಡಕು ಇನ್ನೂ ಹೆಚ್ಚು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಅದನ್ನು ಹಾಗೆಯೇ ತಂತ್ರಾಂಶಕ್ಕೆ ಹಾಕಿ ಸೊನ್ನೆ ಬಂತು ಎಂದು ಸಂತೋಷಪಟ್ಟರೆ ಏನೂ ಪರೀಕ್ಷೆ ಆಗಿಲ್ಲ ಎಂದೇ ಅರ್ಥ. ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಸರಿಯಾಗಿದೆಯೇ ಎಂದು ಒಮ್ಮೆ ಓದಿ, ಆಮೇಲೆ ಕೊಡಿ. ಇನ್ನು ಹದಿನಾಲ್ಕು ಪದಗಳ ವಿನಾಯಿತಿ. ಸಾಮಾನ್ಯ ಜ್ಞಾನದ ಅಥವಾ ಕಾಕತಾಳೀಯವಾದ ಹೋಲಿಕೆಯಲ್ಲಿ ಸತತ ಹದಿನಾಲ್ಕು ಪದಗಳವರೆಗೆ ಬಿಡಬಹುದು ಎಂದಿದೆ. ಇಂಗ್ಲಿಷ್‌ನಲ್ಲಿ ಹದಿನಾಲ್ಕು ಪದ ಒಂದು ಸಾಧಾರಣ ವಾಕ್ಯ. ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅಷ್ಟರಲ್ಲಿ ಒಬ್ಬರ ಇಡೀ ವಾದವನ್ನೇ ಎತ್ತಿಕೊಂಡುಬಿಡಬಹುದು. ಕನ್ನಡದಲ್ಲಿ ಬರೆಯುವವರು ಈ ವಿನಾಯಿತಿಯನ್ನು ಬಳಸಿಕೊಳ್ಳದಿರುವುದೇ ಲೇಸು.

ಎಲ್ಲಕ್ಕಿಂತ ದೊಡ್ಡ ಕಳವು ಅನುವಾದದ್ದು. ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನೋ ಹಿಂದಿ ಲೇಖನವನ್ನೋ ಕನ್ನಡಕ್ಕೆ ತಂದು ಸ್ವಂತದ್ದೆಂದು ಕೊಟ್ಟರೆ ತಂತ್ರಾಂಶಕ್ಕೆ ಗೊತ್ತಾಗುವುದು ಅಪರೂಪ. ಸಂಪಾದಕ ಮಂಡಳಿಯಲ್ಲಿದ್ದಾಗ ನಾನು ಇಂಥದ್ದನ್ನು ಹಿಡಿದದ್ದು ವಾಕ್ಯದ ಮೈಕಟ್ಟು ನೋಡಿ. ಕನ್ನಡದಲ್ಲಿ ಯಾರೂ ಹಾಗೆ ವಾಕ್ಯ ಕಟ್ಟುವುದಿಲ್ಲ ಎನಿಸಿದ ಕಡೆ ಹುಡುಕಿದರೆ ಮೂಲ ಸಿಗುತ್ತಿತ್ತು. ಅನುವಾದಿಸಿ ಬಳಸಿದ್ದನ್ನೂ ಆಕರವೆಂದು ಹೇಳಲೇಬೇಕು. ನಿಮ್ಮದೇ ಹಳೆಯ ಲೇಖನದ ಭಾಗ ಮತ್ತೆ ಬಳಸಿದರೆ ಅದನ್ನೂ ಹೇಳಬೇಕು. ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬಾರದು. ಒಂದರಿಂದ ಉತ್ತರ ಬರುವವರೆಗೆ ಕಾಯಬೇಕು, ಇಲ್ಲವೇ ಲಿಖಿತವಾಗಿ ಹಿಂದಕ್ಕೆ ಪಡೆದು ಇನ್ನೊಂದಕ್ಕೆ ಕಳಿಸಬೇಕು.

ಚಾಟ್‌ಜಿಪಿಟಿಯಂಥ ಸಾಧನಗಳ ಬಗ್ಗೆ ನಿಯಮ ಸರಳ. ಪ್ರಕಟಣೆಯ ನೈತಿಕತೆಗಾಗಿ 1997ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಕೋಪ್ ಸಂಸ್ಥೆ, ಅವು ಲೇಖಕರಾಗುವಂತಿಲ್ಲ ಎಂದು 2023ರಲ್ಲೇ ಹೇಳಿದೆ. ತಪ್ಪಿಗೆ ಹೊಣೆ ಹೊರಲು ಅವುಗಳಿಂದ ಆಗುವುದಿಲ್ಲ. ಬಳಸಿದ್ದರೆ ಎಲ್ಲಿ, ಯಾತಕ್ಕೆ ಎಂದು ಬರೆಯಿರಿ. ಅವು ಕೊಡುವ ಗ್ರಂಥಋಣದಲ್ಲಿ ಇಲ್ಲದ ಪುಸ್ತಕಗಳೂ ಇರುತ್ತವೆ. ನೀವು ಕೈಯಲ್ಲಿ ಹಿಡಿದು ಓದದ ಒಂದು ಆಕರವನ್ನೂ ಪಟ್ಟಿಗೆ ಸೇರಿಸಬೇಡಿ. ಪರಿಶೀಲನೆಗೆಂದು ಬಂದ ಬೇರೆಯವರ ಹಸ್ತಪ್ರತಿಯನ್ನು ಅಂಥ ಸಾಧನಕ್ಕೆ ಹಾಕುವುದು ನಂಬಿಕೆದ್ರೋಹ.

ತಪ್ಪನ್ನು ಒಪ್ಪುವ ಪತ್ರಿಕೆ

ಒಳ್ಳೆಯ ಪತ್ರಿಕೆಯಲ್ಲೂ ತಪ್ಪು ಪ್ರಕಟವಾಗುತ್ತದೆ. ಆಮೇಲೆ ಏನು ಮಾಡುತ್ತದೆ ಎಂಬುದರಲ್ಲಿ ಅದರ ಗುಣ ಕಾಣುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ತಂಡವೊಂದು 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಪ್ರಕಟಿಸಿದ ಪೇಪರಿನ ಚಿತ್ರಗಳ ಬಗ್ಗೆ ಪಬ್‌ಪಿಯರ್ ತಾಣದಲ್ಲಿ ಓದುಗರು ಪ್ರಶ್ನೆ ಎತ್ತಿದರು. ಸಂಸ್ಥೆ ವಿಚಾರಣೆ ಮಾಡಿತು, 2021ರಲ್ಲಿ ಪೇಪರನ್ನು ಹಿಂಪಡೆಯಲಾಯಿತು. ಹಿಂಪಡೆದ ಪೇಪರ್‌ಗಳ ದೊಡ್ಡ ಕೋಶವನ್ನು 2010ರಲ್ಲಿ ಶುರುವಾದ 'ರಿಟ್ರ್ಯಾಕ್ಷನ್ ವಾಚ್' ಕಟ್ಟಿದೆ. ಆ ಕೋಶ ಈಗ ಎಲ್ಲರಿಗೂ ಮುಕ್ತ. ನೀವು ಆಧರಿಸಿದ ಪೇಪರ್ ಅದರಲ್ಲಿದೆಯೇ ಎಂದು ಸಲ್ಲಿಸುವ ಮುನ್ನ ನೋಡಿ. ನಿಮ್ಮದೇ ಲೇಖನದಲ್ಲಿ ತಪ್ಪು ಕಂಡರೆ ನೀವೇ ಸಂಪಾದಕರಿಗೆ ಬರೆಯಿರಿ. ತಿದ್ದುಪಡಿ ಪ್ರಕಟವಾದರೆ ನಾಚಿಕೆಪಡಬೇಕಾದ್ದು ಏನೂ ಇಲ್ಲ.

ಇನ್ನು ಕೆಟ್ಟ ಜರ್ನಲ್ಲಿನ ಬಲೆಗೆ ಸಿಕ್ಕಿಬಿದ್ದವರಿಗೆ ನನ್ನ ಸಲಹೆ ಇದು. ಪೇಪರ್ ಇನ್ನೂ ಪ್ರಕಟವಾಗಿರದಿದ್ದರೆ ತಕ್ಷಣ ಇಮೇಲ್‌ನಲ್ಲಿ ಹಿಂದಕ್ಕೆ ಪಡೆಯಿರಿ, ಆ ಪತ್ರ ಇಟ್ಟುಕೊಳ್ಳಿ. ವಾಪಸು ಪಡೆಯಲೂ ಹಣ ಕೇಳಿದರೆ ಕೊಡಬೇಡಿ. ಹಕ್ಕುಸ್ವಾಮ್ಯದ ಪತ್ರಕ್ಕೆ ಸಹಿ ಹಾಕಿದ್ದೀರಾ ಎಂದು ನೋಡಿಕೊಳ್ಳಿ. ಪ್ರಕಟವಾಗಿಬಿಟ್ಟಿದ್ದರೆ ಮುಚ್ಚಿಡಬೇಡಿ. ಹೊಸ ಮಾಹಿತಿ, ಹೊಸ ವಿಶ್ಲೇಷಣೆ ಸೇರಿಸಿ ಬೇರೆಯದೇ ಲೇಖನ ಬರೆಯಿರಿ. ಹಿಂದಿನದು ಎಲ್ಲಿ, ಹೇಗೆ ಪ್ರಕಟವಾಯಿತೆಂದು ಹೊಸ ಪತ್ರಿಕೆಯ ಸಂಪಾದಕರಿಗೆ ಮೊದಲ ಪತ್ರದಲ್ಲೇ ತಿಳಿಸಿ. ತೀರ್ಮಾನ ಅವರದು.

ನನ್ನ ವಿದ್ಯಾರ್ಥಿನಿ ಹಾಗೇ ಮಾಡಿದಳು. ಈ ಸಲ ಎರಡೂವರೆ ತಿಂಗಳಾದ ಮೇಲೆ ಎರಡು ಪುಟ ತುಂಬ ಪ್ರಶ್ನೆಗಳು ಬಂದವು. ಅವಳು ಮತ್ತೆ ಫೋನ್ ಮಾಡಿ, "ರಿಜೆಕ್ಟ್ ಆಯ್ತು ಅನ್ಸುತ್ತೆ ಸರ್" ಎಂದಳು. ಓದಿ ನೋಡಿದೆ, ಅದು ತಿರಸ್ಕಾರವಲ್ಲ. ಯಾರೋ ಒಬ್ಬರು ಕೂತು ಪ್ರತಿ ಸಾಲನ್ನೂ ಓದಿದ್ದರು. ಅದರಲ್ಲಿ ಮೂರನೆಯ ಪ್ರಶ್ನೆ: ಈ ಪಾಠವನ್ನು ಹಾಡಿದವರು ಯಾರು, ಯಾವ ಹಟ್ಟಿಯವರು, ಯಾವ ದಿನ ಹಾಡಿದರು, ಹೆಸರು ಪ್ರಕಟಿಸಲು ಅವರ ಒಪ್ಪಿಗೆ ಇದೆಯೇ? ಮೊದಲಿನ ಪೇಪರಿನಲ್ಲಿ "ಸ್ಥಳೀಯ ಗಾಯಕರೊಬ್ಬರು" ಎಂದಷ್ಟೇ ಇತ್ತು. ಬೇರೆಯವರ ಪುಸ್ತಕದಿಂದ ಒಂದು ಸಾಲು ತೆಗೆದುಕೊಂಡರೆ ಪುಟಸಂಖ್ಯೆ ಸಮೇತ ಹೇಳುವ ನಾವು, ಇಡೀ ರಾತ್ರಿ ಹಾಡಿದವರ ಹೆಸರನ್ನು ಎಷ್ಟೋ ಸಲ ಹಾಗೇ ಬಿಟ್ಟುಬಿಡುತ್ತೇವೆ. ಇದು ನನ್ನ ತಲೆಮಾರಿನವರೂ ಮಾಡಿದ ತಪ್ಪು, ನಾನೂ ಮಾಡಿದ್ದೇನೆ.

ಅವಳು ಆ ಭಾನುವಾರವೇ ಬಸ್ಸು ಹತ್ತಿ ಹಟ್ಟಿಗೆ ಹೋದಳು. ಹಾಡಿದ ಅಜ್ಜ ಗಣೆಯನ್ನು ಗೋಡೆಗೆ ಒರಗಿಸಿ, ಅವಳು ಓದಿ ಹೇಳಿದ ಒಪ್ಪಿಗೆ ಪತ್ರವನ್ನು ಎರಡು ಸಲ ಕೇಳಿಸಿಕೊಂಡರಂತೆ. ಆಮೇಲೆ, "ನನ್ ಹೆಸ್ರು ಹಾಕದಾದ್ರೆ ನಮ್ ಸೋದರಮಾವಂದೂ ಹಾಕವ್ವ. ಪದ ಅವಂದು, ನಾನು ಕಲ್ತಿದ್ದಷ್ಟೇ" ಎಂದರಂತೆ. ಲೇಖನ ಈಗ ಅಚ್ಚಾಗಿದೆ. ಮೊದಲ ಅಡಿಟಿಪ್ಪಣಿಯಲ್ಲಿ ಎರಡೂ ಹೆಸರುಗಳಿವೆ.